ಅದೇ ಬಂಗುಡೆ ಡೇಟಾ, ಬೇರೆ ಲ್ಯಾಪ್‌ಟಾಪ್‌ನಲ್ಲಿ ಬೇರೆ ಉತ್ತರ ಯಾಕೆ?

ಪ್ರಶ್ನೆ: ಸರ್, ಮಲ್ಪೆ ಬಂದರಿನಲ್ಲಿ ತೆಗೆದ ಬಂಗುಡೆಯ ಉದ್ದದ ಅಳತೆಗಳು ಎಕ್ಸೆಲ್‌ನಲ್ಲಿವೆ. ಅಂಕಿಅಂಶದ ತಂತ್ರಾಂಶ ಆರ್‌ನಲ್ಲಿ ಮೀನಿನ ಲೆಕ್ಕದ ಪ್ಯಾಕೇಜ್ ಟ್ರಾಪ್‌ಫಿಶ್‌ಆರ್ ಹಾಕಿ, ಉದ್ದದ ಅಳತೆಗಳಿಂದ ಬೆಳವಣಿಗೆ ಅಂದಾಜಿಸುವ ಎಲಿಫ್ಯಾನ್ ವಿಧಾನ ಓಡಿಸಿ ಬೆಳವಣಿಗೆ ದರ ‘ಕೆ’ ತೆಗೆದೆವು. ಅದೇ ಫೈಲು ಸಹಪಾಠಿಯ ಲ್ಯಾಪ್‌ಟಾಪ್‌ನಲ್ಲಿ ಬೇರೆ ‘ಕೆ’ ಕೊಡುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ: ಜೆನೆಟಿಕ್ ಅಲ್ಗಾರಿದಂ ಬಳಸುವ ಎಲಿಫ್ಯಾನ್ ಆಗಿದ್ದರೆ ಮೊದಲು ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುವಾಗುವ ಅಂಕಿ) ನೋಡಿ. ಆ ಅಲ್ಗಾರಿದಂ ಉತ್ತರ ಹುಡುಕುವುದೇ ಯಾದೃಚ್ಛಿಕವಾಗಿ. ಸೀಡ್ ಕೊಡದಿದ್ದರೆ ಪ್ರತಿ ಸಲ ಬೇರೆ ಬರುತ್ತದೆ. ಆರ್ 3.6.0ರಲ್ಲಿ ‘ಸ್ಯಾಂಪಲ್’ ಫಂಕ್ಷನ್ನಿನ ಆಯ್ಕೆ ವಿಧಾನವೇ ಬದಲಾಗಿದೆ, ಹಾಗಾಗಿ ಆವೃತ್ತಿಯನ್ನೂ ಬರೆದಿಡಿ. ಬಿನ್ ಅಗಲ (ಉದ್ದದ ಗುಂಪುಗಳ ಅಂತರ) ಮತ್ತು ಮೂವಿಂಗ್ ಆವರೇಜ್ ಸಂಖ್ಯೆ (ಎಷ್ಟು ಗುಂಪಿನ ಸರಾಸರಿ) ಇಬ್ಬರದೂ ಒಂದೇ ಇದೆಯಾ ನೋಡಿ. ಆಮೇಲೆ ಹತ್ತು ಬೇರೆ ಬೇರೆ ಸೀಡ್ ಹಾಕಿ ಓಡಿಸಿ. ‘ಕೆ’ ಎಲ್ಲೆಲ್ಲೋ ಹಾರಿದರೆ ಡೇಟಾದಲ್ಲೇ ದಮ್ಮಿಲ್ಲದಿರಬಹುದು. ಒಂದು ಸೀಡನ್ನು ಗಟ್ಟಿ ಮಾಡಿಕೊಂಡರೆ ತಪ್ಪು ಉತ್ತರವೇ ಶಿಸ್ತಾಗಿ ಮತ್ತೆ ಮತ್ತೆ ಬರುತ್ತದೆ, ಅಷ್ಟೇ.

ನನ್ನ ಅನುಮಾನ ಇರುವುದು ಅದಕ್ಕಿಂತ ಹಿಂದಿನ ಹೆಜ್ಜೆಯ ಮೇಲೆ. ಅಳೆದ ಮೀನುಗಳನ್ನು ಹಾಗೇ ಕೂಡಿಸಿದ್ದೀರಾ, ದೋಣಿಯ ಒಟ್ಟು ಹಿಡಿತಕ್ಕೆ ಏರಿಸಿದ್ದೀರಾ? ಒಂದು ದೋಣಿಯಲ್ಲಿ 800 ಕೆ.ಜಿ. ಬಂಗುಡೆ, 5 ಕೆ.ಜಿ. ಮಾದರಿಯಲ್ಲಿ 60 ದೊಡ್ಡ ಮೀನು. ಇನ್ನೊಂದರಲ್ಲಿ 100 ಕೆ.ಜಿ., ಅಷ್ಟೇ ಮಾದರಿಯಲ್ಲಿ 120 ಮರಿ. ಹಾಗೇ ಕೂಡಿಸಿದರೆ ಮೂರರಲ್ಲಿ ಎರಡು ಪಾಲು ಮರಿ. ಹಿಡಿತವನ್ನು ಮಾದರಿ ತೂಕದಿಂದ ಭಾಗಿಸಿ (800÷5 = 160, 100÷5 = 20) ಏರಿಸಿದರೆ ಮೊದಲನೆಯದು 60×160 = 9,600, ಎರಡನೆಯದು 120×20 = 2,400; ಮರಿ ಐದರಲ್ಲಿ ಒಂದೇ ಪಾಲು. ಏರಿಸದ ಅಂಕಿ ನೋಡಿಯೇ ‘ಮರಿ ಹಿಡಿಯುತ್ತಿದ್ದಾರೆ’ ಎಂದು ದೂರುವುದು!

ಇನ್ನೊಬ್ಬರು: ಉದ್ದದ ಕಾಲಂನಲ್ಲಿ ಒಟ್ಟು ಉದ್ದವೋ, ಬಾಲದ ಕವಲಿನವರೆಗಿನ ಫೋರ್ಕ್ ಉದ್ದವೋ ಬರೆದಿದ್ದೀರಾ? ಎರಡೂ ಬೆರೆತರೆ ಇಲ್ಲದ ತಲೆಮಾರೊಂದು ಹುಟ್ಟಿಕೊಳ್ಳುತ್ತದೆ. ಮೀನಿನ ಹೆಸರಿನ ಜೊತೆ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಕೊಟ್ಟ ಸಂಕೇತವೂ ಇರಲಿ: ಬಂಗುಡೆಗೆ ಆರ್‌ಎಜಿ. ಒಂದೇ ಮೀನನ್ನು ಒಬ್ಬರು ಬೂತಾಯಿ, ಇನ್ನೊಬ್ಬರು ತಾರ್ಲೆ ಎಂದು ಬರೆದರೆ ಕಂಪ್ಯೂಟರಿಗೆ ಅದು ಎರಡು ಮೀನು.

ಪ್ರಶ್ನೆ: ಏರಿಸಿರಲಿಲ್ಲ, ಸರ್. ಜೂನ್-ಜುಲೈನಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಆ ತಿಂಗಳಿಗೆ ಏನು ಮಾಡುವುದು? ದೋಣಿ ಮಾಲೀಕರೂ ಹಿಡಿತದ ಲೆಕ್ಕ ಬಹಿರಂಗ ಬೇಡ ಅನ್ನುತ್ತಾರೆ.

ಉತ್ತರ: ಮಾದರಿ ಇಲ್ಲದ ತಿಂಗಳಿಗೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ನಾಡದೋಣಿಯ ಮಾದರಿ ಇದ್ದರೆ ಬಲೆಯ ಹೆಸರಿನ ಕಾಲಂ ಕಡ್ಡಾಯ. ಇಲ್ಲವಾದರೆ ಬಲೆ ಬದಲಾದದ್ದು ಮೀನು ಬೆಳೆದಂತೆ ಕಾಣುತ್ತದೆ.

ಕಡತಗಳಿಗೆ ಐಸಿಇಎಸ್‌ನವರ (ಅಂತರರಾಷ್ಟ್ರೀಯ ಸಮುದ್ರ ಸಂಶೋಧನಾ ಮಂಡಳಿ) ‘ಟಿಎಎಫ್’ ಎಂಬ ಪಾರದರ್ಶಕ ಲೆಕ್ಕದ ಕ್ರಮ ಸಾಕು: ಮೂಲ ಡೇಟಾ ಒಂದು ಫೋಲ್ಡರಿನಲ್ಲಿ, ಆಮೇಲೆ ಡೇಟಾ, ಮಾಡೆಲ್, ಔಟ್‌ಪುಟ್, ರಿಪೋರ್ಟ್ ಎಂದು ನಾಲ್ಕು ಸ್ಕ್ರಿಪ್ಟ್. ಮೂಲ ಫೈಲನ್ನು ಕೈಯಿಂದ ತಿದ್ದಲೇಬೇಡಿ, ತಿದ್ದುಪಡಿಯೆಲ್ಲ ಡೇಟಾ ಸ್ಕ್ರಿಪ್ಟಿನಲ್ಲೇ ಇರಲಿ. ಸಿಎಸ್‌ವಿ ಮಾಡುವಾಗ ದಿನಾಂಕವನ್ನು 2024-03-04 ಥರ ವರ್ಷ ಮೊದಲು ಬರೆಯಿರಿ. 03-04 ಎಂದರೆ ಎಕ್ಸೆಲ್ ಒಂದು ಕಂಪ್ಯೂಟರಿನಲ್ಲಿ ಮಾರ್ಚ್ ಎನ್ನುತ್ತದೆ, ಇನ್ನೊಂದರಲ್ಲಿ ಏಪ್ರಿಲ್.

ದೋಣಿಯ ನೋಂದಣಿ ಸಂಖ್ಯೆಯ ಬದಲು ಸಂಕೇತ ಹಾಕಿ, ಕೀಲಿ ಪಟ್ಟಿಯನ್ನು ಬೇರೆ ಇಡಿ. ಮೂರಕ್ಕಿಂತ ಕಡಿಮೆ ದೋಣಿ ಇರುವ ತಿಂಗಳನ್ನು ಪಕ್ಕದ ತಿಂಗಳಿಗೆ ಸೇರಿಸಿ ಪ್ರಕಟಿಸಿ. ಗುಟ್ಟಿನ ನೆಪದಲ್ಲಿ ಹಿಡಿತದ ತೂಕ, ಮಾದರಿ ತೂಕದ ಕಾಲಂಗಳನ್ನು ಮಾತ್ರ ಕಿತ್ತುಹಾಕಬೇಡಿ. ಅವಿಲ್ಲದೆ 160 ಎಲ್ಲಿಂದ ಬಂತೆಂದು ಯಾರಿಗೂ ಲೆಕ್ಕ ಹಾಕಲಾಗದು.