ತಾಲ್ಲೂಕು ಆಸ್ಪತ್ರೆಯ ಮನೋರೋಗದ ಮಾತ್ರೆಗೆ ದುಡ್ಡು ಎಲ್ಲಿ ನಿರ್ಧಾರವಾಗುತ್ತದೆ?

ಬೇಡ್ತಿ:
ಉತ್ತರ ಕನ್ನಡದ ಘಟ್ಟದ ಮೇಲಿನ ನಮ್ಮ ತಾಲ್ಲೂಕಿನಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ (ಸರ್ಕಾರಿ ಆಸ್ಪತ್ರೆಯ ಮನೋರೋಗ ಚಿಕಿತ್ಸೆಯ ದಿನ) ಡಾಕ್ಟರು ಬಂದರೂ ಒಮ್ಮೊಮ್ಮೆ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ಇರುವುದಿಲ್ಲ, ಹೊರಗೆ ಚೀಟಿ ಬರೆದುಕೊಡುತ್ತಾರೆ. ಜಿಲ್ಲೆಗೆ ಬರುವ ಮಾನಸಿಕ ಆರೋಗ್ಯದ ಅನುದಾನವನ್ನು ಯಾವ ಲೆಕ್ಕದ ಮೇಲೆ ಕೊಡುತ್ತಾರೆ? ಮನವಿ ಕಾರವಾರಕ್ಕೋ ಬೆಂಗಳೂರಿಗೋ?

ಅಘನಾಶಿನಿ:
ಕಾರವಾರಕ್ಕೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರಾಷ್ಟ್ರೀಯ ಆರೋಗ್ಯ ಅಭಿಯಾನದೊಳಗಿದೆ; ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ವರ್ಷಕ್ಕೆ 83.2 ಲಕ್ಷ ರೂ. ಎಂದು ಹೇಳುತ್ತಾರಲ್ಲ, ಅದು ಗರಿಷ್ಠ ಮಿತಿ, ಕೈಗೆ ಬರುವ ಮೊತ್ತವಲ್ಲ. ಭಟ್ಕಳದಿಂದ ಜೊಯಿಡಾವರೆಗೆ 12 ತಾಲ್ಲೂಕು ಚಾಚಿರುವ ನಮಗೂ ಸಣ್ಣ ಜಿಲ್ಲೆಗೂ ಮಿತಿ ಒಂದೇ. ಇದು ಸರಿಯಲ್ಲ.

ನಿಜವಾದ ಮೊತ್ತ ಪಿಐಪಿಯಲ್ಲಿ (ಅಭಿಯಾನದ ಹಣಕ್ಕೆ ರಾಜ್ಯ ಸಲ್ಲಿಸುವ ಯೋಜನೆ) ಬರೆದದ್ದನ್ನು ಅವಲಂಬಿಸಿದೆ. ತಾಲ್ಲೂಕುಗಳ ಬೇಡಿಕೆ ಕಾರವಾರದಲ್ಲಿ ಒಟ್ಟಾಗಿ, ಬೆಂಗಳೂರು ದಾಟಿ, ದಿಲ್ಲಿಯಲ್ಲಿ ಚರ್ಚೆಯಾಗಿ ಆರ್‌ಒಪಿ ಎಂಬ ಮಂಜೂರಾತಿಯಾಗಿ ಬರುತ್ತದೆ. 2022-24ರಿಂದ ಪಿಐಪಿ ಎರಡು ವರ್ಷಕ್ಕೊಂದು. ಅದು ತಯಾರಾಗುವ ಮೊದಲೇ ನಿಮ್ಮ ಮನವಿ ಮೇಜಿನ ಮೇಲಿರಬೇಕು.

ಕಾಳಿದಂಡೆ:
ಮಾತ್ರೆಯ ತೊಡಕು ಬೇರೆಯೇ ಇದೆ ಮಾರಾಯ್ರೆ. ಇಂಡೆಂಟ್ (ಔಷಧದ ಬೇಡಿಕೆ ಪಟ್ಟಿ) ಹಾಕುವಾಗ ನೋಡುವುದು ಹಿಂದಿನ ವರ್ಷದ ಖರ್ಚು. ನಾಲ್ಕು ತಿಂಗಳು ದಾಸ್ತಾನು ಇಲ್ಲದಿದ್ದರೆ ರಿಜಿಸ್ಟರಿನಲ್ಲಿ ಎಂಟು ತಿಂಗಳದ್ದಷ್ಟೇ ಕಾಣುತ್ತದೆ, ಮುಂದಿನ ವರ್ಷ ಅಷ್ಟನ್ನೇ ಕೇಳುತ್ತಾರೆ. ಒಂದು ವರ್ಷದ ಕೊರತೆ ಹೀಗೆ ಕಾಯಂ ಆಗಿಬಿಡುತ್ತದೆ. ರೋಗಿಗಳ ತಲೆಎಣಿಕೆಯಿಂದ ಲೆಕ್ಕ ಹಾಕಿಸಿ: ದಿನಕ್ಕೆ 300 ಮಿ.ಗ್ರಾಂನ 3 ಮಾತ್ರೆಯಂತೆ 40 ಜನಕ್ಕೆ ವರ್ಷಕ್ಕೆ 43,800, ಮೇಲೆ ಮೂರು ತಿಂಗಳ ಮೀಸಲು ದಾಸ್ತಾನು 10,800. ಹೊರಗೆ ಚೀಟಿ ಕೊಟ್ಟಾಗಲೆಲ್ಲ ‘ದಾಸ್ತಾನಿಲ್ಲ’ ಎಂದು ರಿಜಿಸ್ಟರಿನಲ್ಲಿ ಬರೆಯಲೇಬೇಕು. ಬರೆಯದ ರೋಗಿ ಬೇಡಿಕೆಯ ಪಟ್ಟಿಗೆ ಸೇರುವುದೇ ಇಲ್ಲ.

ಬೇಡ್ತಿ:
ಜಿಲ್ಲೆಯ ಖರ್ಚಿನ ಲೆಕ್ಕ ಸಿಗುತ್ತದೆಯೇ?

ಅಘನಾಶಿನಿ:
ಆರ್‌ಟಿಐ ಹಾಕಿ. 10 ರೂ. ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ. ಮಂಜೂರು, ಬಿಡುಗಡೆ, ಖರ್ಚು ಮೂರನ್ನೂ ಬೇರೆ ಬೇರೆ ಕೇಳಿ, ಖಾಲಿ ಹುದ್ದೆಯನ್ನೂ ಕೇಳಿ. ಮನೋವೈದ್ಯರ ಹುದ್ದೆ ಖಾಲಿಯಿದ್ದರೆ ಆ ಸಂಬಳ ಹಾಗೇ ಉಳಿಯುತ್ತದೆ. ಅದನ್ನು ಜಿಲ್ಲೆಯವರು ತಮ್ಮಷ್ಟಕ್ಕೆ ಮಾತ್ರೆಗೆ ತಿರುಗಿಸಲು ಬರುವುದಿಲ್ಲ. ಉಳಿದ ದುಡ್ಡು ಮುಂದಿನ ಸಲ ‘ಇವರಿಗೆ ಇಷ್ಟು ಬೇಡ’ ಎನ್ನಲು ಕಾರಣವಾಗುತ್ತದೆ.

ಮನವಿಯಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಉಲ್ಲೇಖಿಸಿ: ಅಗತ್ಯ ಔಷಧ ಪಟ್ಟಿಯಲ್ಲಿರುವ ಮಾತ್ರೆ ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದರ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾ ಉಚಿತವಾಗಿ ಸಿಗಬೇಕು.

ಕಾಳಿದಂಡೆ:
ಅದೆಲ್ಲ ಆಗುವವರೆಗೆ ರೋಗಿ ಕಾಯಲಾಗದು. ಲಿಥಿಯಂ ಏಕಾಏಕಿ ನಿಂತರೆ ಕಾಯಿಲೆ ಮರುಕಳಿಸಬಹುದು. ಆಸ್ಪತ್ರೆಯದೇ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಖರೀದಿಸಿ ಎಂದು ಆಡಳಿತ ವೈದ್ಯಾಧಿಕಾರಿಗೆ ಈ ವಾರವೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.