ಚುಕ್ ಕನ್ವರ್ಟರ್: 12 ವೋಲ್ಟ್‌ನಿಂದ ಮೈನಸ್ 12, ಮಧ್ಯದ ಕೆಪಾಸಿಟರ್ ಯಾವುದು?

ಸೋಲ್ಡರ್‌ಹೊಗೆ:
ಇನ್‌ಪುಟ್ 12 ವೋಲ್ಟ್, ಬೇಕಿರುವುದು ಮೈನಸ್ 12 ವೋಲ್ಟ್, 1 ಆಂಪಿಯರ್, ಸ್ವಿಚಿಂಗ್ 100 ಕಿಲೋಹರ್ಟ್ಸ್. ಬಕ್-ಬೂಸ್ಟ್, ಚುಕ್ ಎರಡೂ ಪ್ಲಸ್ ವೋಲ್ಟೇಜನ್ನು ಮೈನಸ್ ಮಾಡುವ ಸ್ವಿಚಿಂಗ್ ಸರ್ಕ್ಯೂಟುಗಳೇ. ಬಕ್-ಬೂಸ್ಟ್‌ಗೆ ಒಂದೇ ಇಂಡಕ್ಟರ್ (ಸುರುಳಿ) ಸಾಕು, ಚುಕ್‌ಗೆ ಎರಡು ಯಾಕೆ? ಆ ಎರಡರ ಮಧ್ಯದ ಕೆಪಾಸಿಟರ್‌ಗೆ 10 ಮೈಕ್ರೋಫ್ಯಾರಡ್, 25 ವೋಲ್ಟ್ ಎಲೆಕ್ಟ್ರೋಲಿಟಿಕ್ ಹಾಕಬಹುದೇ?

ಫೆರೈಟ್:
ಬೇಡ ಸರ್. ಅದರ ಮೇಲೆ ನಿಲ್ಲುವುದು ಇನ್‌ಪುಟ್, ಔಟ್‌ಪುಟ್ ಎರಡೂ ಕೂಡಿದ 24 ವೋಲ್ಟ್. ಲೋಡಿಗೆ ಹೋಗುವ ಶಕ್ತಿಯೆಲ್ಲ ಅದನ್ನೇ ದಾಟಿ ಹೋಗಬೇಕು: ಸ್ವಿಚ್ ಆಫ್ ಇದ್ದಾಗ ಮೊದಲ ಇಂಡಕ್ಟರ್ ಅದನ್ನು ತುಂಬುತ್ತದೆ, ಆನ್ ಆದಾಗ ಎರಡನೆಯದು ಎಳೆದುಕೊಳ್ಳುತ್ತದೆ. ಡ್ಯೂಟಿ (ಸ್ವಿಚ್ ಆನ್ ಇರುವ ಸಮಯದ ಪಾಲು) 0.5 ಇದ್ದರೆ ಅದರಲ್ಲಿ ಸುಮಾರು 1 ಆಂಪಿಯರ್ ಆರ್‌ಎಂಎಸ್ ರಿಪ್ಪಲ್ (ಏರಿಳಿಯುವ ಕರೆಂಟ್). ಸಣ್ಣ ಎಲೆಕ್ಟ್ರೋಲಿಟಿಕ್ ಬಿಸಿಯಾಗಿ ಒಣಗುತ್ತದೆ. 4.7 ಮೈಕ್ರೋಫ್ಯಾರಡ್, 63 ವೋಲ್ಟ್ ಫಿಲ್ಮ್ ಹಾಕಿ, ಅದರ ಮೇಲಿನ ವೋಲ್ಟೇಜ್ ಏರಿಳಿತ ಸುಮಾರು 1 ವೋಲ್ಟ್. ಸೆರಾಮಿಕ್ ಆದರೆ 24 ವೋಲ್ಟ್ ಕೂತಾಗ ಎಷ್ಟು ಮೈಕ್ರೋಫ್ಯಾರಡ್ ಉಳಿಯುತ್ತದೆ ಎಂದು ಡೇಟಾಶೀಟಿನ ಗ್ರಾಫ್ ನೋಡಿ. ಅರ್ಧಕ್ಕೆ ಇಳಿಯುವುದೂ ಉಂಟು.

ಸ್ವಿಚ್, ಡಯೋಡ್ ಎರಡಕ್ಕೂ 24 ವೋಲ್ಟ್, 2 ಆಂಪಿಯರ್ ಬೀಳುತ್ತದೆ: ಸ್ವಿಚ್‌ಗೆ 60 ವೋಲ್ಟ್ ಮಾಸ್‌ಫೆಟ್, ಡಯೋಡ್‌ಗೆ 3 ಆಂಪಿಯರ್ 60 ವೋಲ್ಟ್ ಶಾಟ್ಕಿ. ಇಂಡಕ್ಟರ್ ತಲಾ 220 ಮೈಕ್ರೋಹೆನ್ರಿ.

ಎರಡು ಇಂಡಕ್ಟರ್ ಇರುವುದರಿಂದಲೇ ಇನ್‌ಪುಟ್, ಔಟ್‌ಪುಟ್ ಎರಡೂ ಕಡೆ ಕರೆಂಟ್ ಕಡಿಯದೆ ಹರಿಯುತ್ತದೆ. ಬಕ್-ಬೂಸ್ಟ್‌ನಲ್ಲಿ ಎರಡೂ ಕಡೆ ತುಂಡುತುಂಡು. ಕ್ಯಾಲ್‌ಟೆಕ್‌ನಲ್ಲಿ ಸ್ಲೋಬೋದಾನ್ ಚುಕ್, ಮಿಡಲ್‌ಬ್ರೂಕ್ ಜೊತೆ 1977ರಲ್ಲಿ ಮುಂದಿಟ್ಟ ಸರ್ಕ್ಯೂಟಿನ ತಿರುಳೇ ಇದು. (ಹೆಸರನ್ನು 'ಕುಕ್' ಎನ್ನಬೇಡಿ, ಅಡುಗೆಯವರಲ್ಲ.)

ಗೇಟ್‌ಡ್ರೈವ್:
ಎರಡೂ ಇಂಡಕ್ಟರ್‌ಗೆ ಒಂದೇ ಆಕಾರದ ವೋಲ್ಟೇಜ್ ಬರುವುದರಿಂದ ಒಂದೇ ಕೋರ್ ಮೇಲೆ ಸುತ್ತಬಹುದು. ಸುತ್ತುಗಳ ಅನುಪಾತ, ಏರ್‌ಗ್ಯಾಪ್ ಹೊಂದಿಸಿದರೆ ಔಟ್‌ಪುಟ್ ರಿಪ್ಪಲ್ ಬಹುತೇಕ ಮಾಯ, ಆದರೆ ಅದು ಇನ್‌ಪುಟ್ ಕಡೆಗೆ ಸರಿಯುತ್ತದೆ ಅಷ್ಟೆ. ಡಾಟ್ (ಸುತ್ತು ಶುರುವಾಗುವ ತುದಿಯ ಗುರುತು) ತಿರುಗಿಸಿದರೆ ಮಾಸ್‌ಫೆಟ್ ಹೋಯಿತು ಅಂದುಕೊಳ್ಳಿ.

ನಿಜವಾದ ತಲೆನೋವು ಲೂಪ್, ಅಂದರೆ ಔಟ್‌ಪುಟ್ ನೋಡಿ ಡ್ಯೂಟಿ ತಿದ್ದುವ ಫೀಡ್‌ಬ್ಯಾಕ್. ಇಂಡಕ್ಟರ್‌ಗಳೂ ಮಧ್ಯದ ಕೆಪಾಸಿಟರೂ ರೆಸೊನೆನ್ಸ್ ಮಾಡಿಕೊಂಡು ಫೇಸ್ ಕುಸಿಯುತ್ತದೆ (ತಿದ್ದುವಿಕೆ ತಡವಾಗುತ್ತದೆ), ಲೋಡ್ ಬದಲಾದಾಗ ಔಟ್‌ಪುಟ್ ತೂಗಾಡುತ್ತದೆ. ಅದನ್ನು ತಗ್ಗಿಸಲು ಫಿಲ್ಮ್ ಕೆಪಾಸಿಟರ್‌ಗೆ ಅಡ್ಡಲಾಗಿ 47 ಮೈಕ್ರೋಫ್ಯಾರಡ್, 50 ವೋಲ್ಟ್ ಎಲೆಕ್ಟ್ರೋಲಿಟಿಕ್ ಮತ್ತು 4.7 ಓಮ್ ಸೀರೀಸ್‌ನಲ್ಲಿ ಹಾಕಿ, ಅಲ್ಲಿಂದ ಆಚೀಚೆ ಮಾಡಿ ನೋಡಿ. ಎಲೆಕ್ಟ್ರೋಲಿಟಿಕ್‌ಗೆ ಜಾಗ ಇರುವುದು ಇಲ್ಲಿ. ಪ್ಲಸ್ ಕಾಲು ಮಾಸ್‌ಫೆಟ್ ಕಡೆಗೆ.

ಇದನ್ನು ಕಾಗದದ ಮೇಲೆ ಮೊದಲೇ ಕಾಣಲು ಸಾಧ್ಯವಾದದ್ದು 1976ರ ಸ್ಟೇಟ್-ಸ್ಪೇಸ್ ಆವರೇಜಿಂಗ್‌ನಿಂದ. ಅದೂ ಚುಕ್, ಮಿಡಲ್‌ಬ್ರೂಕ್ ಇಬ್ಬರದೇ. ನನ್ನ ಮಟ್ಟಿಗೆ ಸರ್ಕ್ಯೂಟಿಗಿಂತ ಅದೇ ದೊಡ್ಡದು. ಆನ್, ಆಫ್ ಎರಡು ಸ್ಥಿತಿಗಳ ಸಮೀಕರಣಗಳನ್ನು ಡ್ಯೂಟಿಯ ತೂಕದಲ್ಲಿ ಸರಾಸರಿ ಮಾಡುವುದು. ಸ್ವಿಚಿಂಗ್ ಆವರ್ತನದ ಅರ್ಧದ ಹತ್ತಿರ ಹೋದರೆ ಮಾತ್ರ ನಂಬಬೇಡಿ.

ಸೋಲ್ಡರ್‌ಹೊಗೆ:
ಎಲ್‌ಎಂ2611 ಐಸಿ ಹಾಕಿದರೆ?

ಫೆರೈಟ್:
ಅದು ಚುಕ್‌ಗೆಂದೇ ಮಾಡಿದ್ದು, ಔಟ್‌ಪುಟ್‌ನಿಂದ ಬರುವ ಮೈನಸ್ ಫೀಡ್‌ಬ್ಯಾಕ್ ವೋಲ್ಟೇಜನ್ನು ನೇರ ಓದುತ್ತದೆ. ಆದರೆ ಒಳಗಿನ ಸ್ವಿಚ್ ನಿಮ್ಮ 2 ಆಂಪಿಯರ್ ತಡೆಯುವುದಿಲ್ಲ. ಹೊರಗಿನ ಮಾಸ್‌ಫೆಟ್ ಇರುವ ಕಂಟ್ರೋಲರ್ ತಗೊಳ್ಳಿ, ಫೀಡ್‌ಬ್ಯಾಕ್‌ನ ಮೈನಸ್ಸನ್ನು ಪ್ಲಸ್ ಮಾಡಲು ಒಂದು ಇನ್ವರ್ಟಿಂಗ್ ಆಪ್‌ಆಂಪ್ ಸೇರಿಸಿ.