ಪಿಕಪ್ ಸ್ಟೀರಿಂಗ್ ಸಡಿಲವಾಗಿದೆ: ಸವೆದ ಭಾಗವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನನ್ನ ಪಿಕಪ್‌ನ ಸ್ಟೀರಿಂಗನ್ನು ಸುಮಾರು ಎರಡು ಅಂಗುಲ ತಿರುಗಿಸಿದ ಮೇಲಷ್ಟೇ ಮುಂದಿನ ಚಕ್ರಗಳು ಹೊರಳುತ್ತವೆ. ಸ್ಟೀರಿಂಗ್ ಬಾಕ್ಸನ್ನೇ (ಸ್ಟೀರಿಂಗಿನ ತಿರುಗುವಿಕೆಯನ್ನು ಚಕ್ರಗಳ ಕಡೆಗೆ ಸಾಗಿಸುವ ಗೇರ್ ಪೆಟ್ಟಿಗೆ) ಬದಲಿಸಬೇಕೆಂದು ಮೆಕ್ಯಾನಿಕ್ ಹೇಳಿದ್ದಾರೆ. ಅದಕ್ಕೂ ಮೊದಲು ನಾನೇ ಪರೀಕ್ಷಿಸಬಹುದೇ?

ಉತ್ತರ 1: ಖಂಡಿತ ಪರೀಕ್ಷಿಸಬಹುದು, ಬಾಕ್ಸನ್ನು ಕೊನೆಯಲ್ಲಿ ನೋಡಿ. ಚಕ್ರಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಸ್ವಲ್ಪಸ್ವಲ್ಪ ಅಲ್ಲಾಡಿಸುತ್ತಿರಲಿ, ನೀವು ಕೆಳಗಿನಿಂದ ಪ್ರತಿಯೊಂದು ಕೀಲನ್ನೂ ಗಮನಿಸಿ. ಒಂದು ಭಾಗ ಚಲಿಸಿದರೂ ಅದಕ್ಕೆ ಜೋಡಿಸಿದ ಭಾಗ ತಡವಾಗಿ ಚಲಿಸಿದರೆ ಸವೆತ ಆ ಕೀಲಿನಲ್ಲೇ ಇದೆ. ಬಳಿಕ ಗಾಡಿಯನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ), ಚಕ್ರವನ್ನು ಗಡಿಯಾರದ 9 ಮತ್ತು 3ರ ಸ್ಥಾನದಲ್ಲಿ ಹಿಡಿದು ಅಲ್ಲಾಡಿಸಿ. ಅಲ್ಲಿ ಸಡಿಲವಿದ್ದರೆ ಟೈ ರಾಡ್ ಎಂಡ್ (ಚಕ್ರವನ್ನು ತಿರುಗಿಸುವ ಸರಳಿನ ತುದಿಯ ಕೀಲು) ಮೇಲೆ ಸಂಶಯಪಡಬೇಕು. 12 ಮತ್ತು 6ರಲ್ಲಿ ಸಡಿಲವಿದ್ದರೆ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಗುಂಡು ಕೀಲು) ಅಥವಾ ಚಕ್ರದ ಬೇರಿಂಗ್ ಕಾರಣವಿರಬಹುದು. ಬ್ರೇಕ್ ಒತ್ತಿದಾಗ ಆ ಸಡಿಲ ಮಾಯವಾದರೆ ಬೇರಿಂಗ್ ಎಂದೇ ತಿಳಿಯಿರಿ.

ಉತ್ತರ 2: ಟೈ ರಾಡ್ ಎಂಡ್ ಬದಲಿಸುವಾಗ ಹಳೆಯದು ಎಷ್ಟು ಸುತ್ತು ತಿರುಗಿಸಿದಾಗ ಕಳಚಿತೆಂದು ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ತಿರುಗಿಸಿ ಕೂರಿಸಿ. ನಟ್ಟನ್ನು ನಿಗದಿತ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬಿಗಿ ಮಾಡಿದಾಗ ಸ್ಪ್ಲಿಟ್ ಪಿನ್ (ನಟ್ಟು ಸಡಿಲವಾಗದಂತೆ ತಡೆಯುವ ಪಿನ್) ತೂರಿಸುವ ರಂಧ್ರ ನಟ್ಟಿನ ಸೀಳಿಗೆ ಹೊಂದದಿದ್ದರೆ ಇನ್ನಷ್ಟು ಬಿಗಿಗೊಳಿಸಿಯೇ ಹೊಂದಿಸಬೇಕು, ಹಿಂದಕ್ಕೆ ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಸುತ್ತು ಎಣಿಸಿದ್ದರೂ ವೀಲ್ ಅಲೈನ್‌ಮೆಂಟ್ ಮಾಡಿಸದೆ ಬಿಡಬೇಡಿ, ಇಲ್ಲದಿದ್ದರೆ ಟೈರುಗಳ ಅಂಚು ಬೇಗ ಸವೆಯುತ್ತದೆ.

ಪ್ರಶ್ನೆ ಕೇಳಿದವರು: ತಾವು ತಿಳಿಸಿದಂತೆಯೇ ನೋಡಿದೆ. ಐಡ್ಲರ್ ಆರ್ಮ್ (ಸ್ಟೀರಿಂಗ್ ಸರಳುಗಳಿಗೆ ಬಾಕ್ಸಿನ ಎದುರು ಬದಿಯಲ್ಲಿ ಆಧಾರ ಕೊಡುವ ತೋಳು) ಮೇಲೆಕೆಳಗೆ ಸ್ಪಷ್ಟವಾಗಿ ಅಲುಗುತ್ತಿದೆ, ಬಲಗಡೆಯ ಟೈ ರಾಡ್ ಎಂಡಿನ ರಬ್ಬರ್ ಹರಿದಿದೆ. ಎರಡನ್ನೂ ಬದಲಿಸಿದ ನಂತರವೇ ಬಾಕ್ಸಿನ ವಿಚಾರ ನೋಡುತ್ತೇನೆ.